ಉದ್ದ ಫೋಟೋದ ತುದಿಗೆ ನಿಂತವರು

ಅಳತೆಗೆ ಸರಿಯಾಗಿ ಹೊಲಿಯುವ ದರ್ಜಿಗೆ ನಮ್ಮೂರಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ. ಹೊಲಿಗೆಯ ಒಳಗೆ ಅಂಗೈಯಗಲ ಬಟ್ಟೆ ಮಡಿಸಿ ಬಿಟ್ಟಿರಬೇಕು. ಇಲ್ಲದಿದ್ದರೆ ಫೋಟೋದ ಮರುದಿನ ಏನು ಗತಿ? ನಾನು ಸೂಜಿಯ ಕಣ್ಣು ಕಾಣದಂತಾಗುವವರೆಗೂ ಈ ಊರಿನವರ ರವಿಕೆ, ಅಂಗಿ, ಚೊಣ್ಣ ಹೊಲಿದವಳು. ಫೋಟೋದ ಮರುದಿನ ನಾನು ಮುಖ ತೊಳೆಯುವುದರೊಳಗೆ ನಮ್ಮ ಮನೆ ಕಟ್ಟೆ ತುಂಬಿರುತ್ತಿತ್ತು. ಹಿಗ್ಗಿದವರು ಒಂದು ಕಡೆ, ಕುಗ್ಗಿದವರು ಇನ್ನೊಂದು ಕಡೆ. "ಸಂಕಕ್ಕಾ, ನಂದು ಮೊದಲ ಬಿಚ್ಚ ಬೇ, ಉಸಿರಾಡಾಕ ಆಗವಲ್ದು," ಎಂದು ಒಬ್ಬಳು. "ಆಕಿದು ಇರ್ಲಿ ಬೇ, ನನ್ನ ಚೊಣ್ಣ ನೋಡು, ಎರಡೂ ಕೈಲೆ ಹಿಡ್ಕೊಂಡ ಬಂದೇನಿ. ಮಂದಿ ಎದುರಿಗೆ ನಮಸ್ಕಾರ ಮಾಡಾಕೂ ಬರವಲ್ದು," ಎಂದು ಇನ್ನೊಬ್ಬ.

ವರ್ಷಕ್ಕೊಮ್ಮೆ, ಜೋಳದ ಸುಗ್ಗಿ ಮುಗಿದು ಬಿಸಿಲು ನೆಟ್ಟಗಾದ ಮೇಲೆ, ಹತ್ತಿ ಮಿಲ್ಲಿನ ಉದ್ದ ಗೋಡೆಯ ಮುಂದೆ ಇಡೀ ಊರು ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತದೆ. ಅದರಲ್ಲಿ ಯಾರು ಹೇಗೆ ಮೂಡಿದರೋ ಮುಂದಿನ ಫೋಟೋದವರೆಗೆ ಅವರು ಹಾಗೆಯೇ. ಮೈಯಷ್ಟೇ ಅಲ್ಲ, ಆ ಹೊತ್ತಿಗೆ ಮನಸ್ಸು ಹೇಗಿತ್ತೋ ವರ್ಷವಿಡೀ ಅದರದೊಂದು ನೆರಳು ಉಳಿಯುತ್ತದೆ. ಅದಕ್ಕೇ ಫೋಟೋದ ಹಿಂದಿನ ದಿನ ನಮ್ಮೂರಲ್ಲಿ ಗಂಡ ಹೆಂಡತಿ ಜಗಳವಾಡುವುದಿಲ್ಲ. ಹೀಗೇಕೆ ಎಂದು ಕೇಳುವವರು ಪರವೂರಿನವರು. ನಾವು ಕೇಳುತ್ತಿದ್ದದ್ದು ಒಂದೇ ಮಾತು: ಈ ಸಲ ತುದಿಗೆ ಯಾರು?

ಫೋಟೋ ತೆಗೆಯುತ್ತಿದ್ದವನು ದಸ್ತಗೀರ. ಅವನಜ್ಜನ ಕಾಲದ ಕ್ಯಾಮರಾ, ಹಿಟ್ಟಿನ ಡಬ್ಬಿಯಷ್ಟು ದೊಡ್ಡದು. ಅದರ ಕಣ್ಣು ಇಡೀ ಊರನ್ನು ಒಂದೇ ತುತ್ತಿಗೆ ನುಂಗುವಂಥದ್ದು. ನಡುವೆ ನಿಂತವರು ಸುಸೂತ್ರ ಇಳಿಯುತ್ತಿದ್ದರು. ತುದಿಯವರು ಮಾತ್ರ ಅಡ್ಡಡ್ಡ ಹಿಗ್ಗುತ್ತಿದ್ದರು. ಮುಖ ಮಲಗಿಸಿಟ್ಟ ಕುಂಬಳಕಾಯಿ, ತೋಳು ಲಟ್ಟಿಸಿದ ಹಿಟ್ಟು. ಊರಿಗೆ ಎಲ್ಲರಿಗಿಂತ ಕಡೆಗೆ ಬಂದವರು ಸಾಲಿನ ತುದಿಗೆ ನಿಲ್ಲಬೇಕೆಂಬುದು ನಮ್ಮ ಕಟ್ಟಳೆ. ಹೊಸ ಸೊಸೆ ಬಂದಳೆಂದರೆ ಅತ್ತೆಮನೆಯವರು ಮುಂಚೆಯೇ ಅಡುಗೆಮನೆ ಬಾಗಿಲಿನ ಚೌಕಟ್ಟು ಕಿತ್ತಿಡುತ್ತಿದ್ದರು. ಮುಂದಿನ ವರ್ಷ ಇನ್ನೊಂದು ಮನೆಗೆ ಸೊಸೆ ಬಂದಾಗ ಇವಳು ಇಳಿದು ಸಪೂರಾಗುತ್ತಿದ್ದಳು, ಚೌಕಟ್ಟು ಮತ್ತೆ ಕೂರುತ್ತಿತ್ತು. ಸೀರೆ ಎನ್ನುವ ಬಟ್ಟೆ ಹುಟ್ಟಿದ್ದೇ ನಮ್ಮೂರಿಗಾಗಿ ಇರಬೇಕೆಂದು ನನಗೆ ಇಂದಿಗೂ ಅನುಮಾನ.

ಈ ಹಿಗ್ಗನ್ನು ಕಡಿಮೆ ಮಾಡಲು ದಸ್ತಗೀರ ಪಡದ ಪಾಡಿಲ್ಲ. ಒಂದು ವರ್ಷ ಕ್ಯಾಮರಾ ಹೊತ್ತುಕೊಂಡು ಹಿಂದಕ್ಕೆ ಹಿಂದಕ್ಕೆ ಸರಿದು, ಹಳ್ಳ ದಾಟಿ, ಆಚೆ ದಿಬ್ಬದ ಮೇಲಿಂದ ತೆಗೆದ. ತುದಿಯವರು ಹಿಗ್ಗಲಿಲ್ಲ, ನಿಜ. ಆದರೆ ಇಡೀ ಊರೇ ಮೊಣಕಾಲೆತ್ತರವಾಯಿತು. ಫೋಟೋಕ್ಕೆ ಬಾರದ ಬೆಕ್ಕುಗಳು ಆ ವರ್ಷ ನಮ್ಮನ್ನು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ರೊಟ್ಟಿ ಬಡಿಯಬೇಕೆಂದರೆ ನಾನು ಹಿಟ್ಟು ನಾದುವ ಕೊಣಮಿಗೆಯೊಳಗೆ ಇಳಿದು ತುಳಿಯುತ್ತಿದ್ದೆ. ಇನ್ನೊಂದು ವರ್ಷ ಸ್ಟ್ಯಾಂಡಿನ ಒಂದು ಕಾಲು ಹಸಿ ಮಣ್ಣಿನಲ್ಲಿ ಕುಸಿದು ಊರಿಗೆ ಊರೇ ಎಡಕ್ಕೆ ವಾಲಿತು. ಅಡ್ಡಿಯಿಲ್ಲ, ಎಲ್ಲರೂ ಒಂದೇ ಕಡೆ ವಾಲಿದ್ದರಿಂದ ಮಾತುಕತೆಗೆ ತೊಂದರೆಯಾಗಲಿಲ್ಲ. ಚಹಾದಂಗಡಿಯವನು ಬಸಿಯಲ್ಲಿ ಬಲಕ್ಕೆ ಹೆಚ್ಚು ಹುಯ್ಯುವುದನ್ನು ಕಲಿತ, ಅಷ್ಟೇ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಊರಿಗೆ ಹೂವಕ್ಕ ವಾಪಸು ಬಂದಳು.

ಹೂವಕ್ಕ ನನ್ನ ಗೆಳತಿ. ಚಿಕ್ಕವರಿದ್ದಾಗ ಫೋಟೋದ ಸಾಲಿನಲ್ಲಿ ನಾವಿಬ್ಬರೂ ಜಡೆಗೆ ಜಡೆ ಗಂಟು ಹಾಕಿಕೊಂಡು ನಿಲ್ಲುತ್ತಿದ್ದೆವು. ಒಂದು ವರ್ಷ ಹಾಗೆಯೇ ಮೂಡಿ, ವರ್ಷವಿಡೀ ಬಿಡಿಸಲಾಗದೆ ಒಟ್ಟಿಗೆ ತಿರುಗಿದವರು. ಅವಳನ್ನು ರೈಲ್ವೆಯವನಿಗೆ ಕೊಟ್ಟರು. ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗುತ್ತಾ ಅವಳು ದೇಶವೆಲ್ಲ ನೋಡಿದಳು. ನನ್ನನ್ನು ಕೆಳಗಿನ ಓಣಿಯಿಂದ ಮೇಲಿನ ಓಣಿಗೆ ಕೊಟ್ಟರು. ಊರ ಮುಂದೆ ದಿನಾ ನಿಲ್ಲುವ ಬಸ್ಸಿನ ಮೆಟ್ಟಿಲನ್ನು ನಾನು ಒಮ್ಮೆಯೂ ಹತ್ತಲಿಲ್ಲ. ಈ ವರ್ಷ, ಗಂಡ ತೀರಿಕೊಂಡ ಮೇಲೆ, ಅವಳು ಒಂದು ಟ್ರಂಕು, ಎರಡು ನೋಯುವ ಮೊಣಕಾಲುಗಳ ಸಮೇತ ನಮ್ಮ ಹಿತ್ತಲ ಕೋಣೆಗೆ ಬಂದಳು. ಇಕ್ಕಟ್ಟಾದ ಬಾಗಿಲು, ಸಣ್ಣ ಕಿಟಕಿ. "ರೈಲಿನ ಡಬ್ಬಿ ಇದ್ದಂಗ ಐತಿ. ನನಗ ಛಲೋ ನಿದ್ದಿ ಬರತೈತಿ," ಎಂದಳು. ನನಗೂ ಬಂತು. ಎಷ್ಟೋ ವರ್ಷಗಳ ನಂತರ, ಗೋಡೆಯಾಚೆ ಅವಳ ಗೊರಕೆ ಕೇಳುತ್ತಾ ಮಲಗುವುದೆಂದರೆ ಏನು ಸುಖ.

ಫೋಟೋ ಹತ್ತಿರ ಬಂದಾಗ ಚಾವಡಿಯಲ್ಲಿ ಮಾತೆದ್ದಿತು. ಈ ವರ್ಷ ಊರಿಗೆ ಸೊಸೆಯಂದಿರು ಬಂದಿರಲಿಲ್ಲ. ಹೊಸಬರೆಂದರೆ ಇಬ್ಬರೇ: ದವಾಖಾನೆಯ ಹೊಸ ಕಂಪೌಂಡರ್ ವಾಸಣ್ಣ ಮತ್ತು ಹೂವಕ್ಕ.

"ಆಕಿ ಹೊಸಬಳು ಹೆಂಗಾದಳ್ರೀ ಗೌಡ್ರ? ಈ ಊರಾಗ ಹುಟ್ಟಿದಾಕಿ ಆಕಿ," ಎಂದು ನಾನು ಬಾಪುಗೌಡರನ್ನು ಕೇಳಿದೆ. ಸಾಲಿನ ನಟ್ಟನಡುವೆ, ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುವವರು ಅವರು. ಹತ್ತಿರ ಕೂತದ್ದರಿಂದ ವರ್ಷಾ ವರ್ಷಾ ಎಲ್ಲರಿಗಿಂತ ದೊಡ್ಡದಾಗಿ ಮೂಡುತ್ತಿದ್ದರು.

"ಹುಟ್ಟಿದ್ದು ಖರೆ ಸಂಕವ್ವಾ. ಬಿಟ್ಟು ಹೋದಳಲ್ಲ? ಹೋಗಿ ಬಂದಮ್ಯಾಲ ಬಂದಂಗ ಲೆಕ್ಕ. ಎಡಕಿನ ತುದಿ ಆಕಿದು, ಬಲಕಿನ ತುದಿ ಕಂಪೌಂಡರಂದು. ನಾ ಹೇಳಿದ್ದಲ್ಲ, ಕಟ್ಟಳೆ ಹೇಳೂದು."

ಮನೆಗೆ ಬಂದು ಹೇಳಿದರೆ ಹೂವಕ್ಕ ಸಿಟ್ಟಾಗಲಿಲ್ಲ. ಸುಮ್ಮನೆ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಎರಡೂ ಕಡೆ ಕೈ ಚಾಚಿ ಅಗಲ ನೋಡಿದಳು. ನಂತರ ಮೊಣಕಾಲು ಸವರಿಕೊಂಡಳು. "ನೋಡ ಸಂಕೀ, ಇಷ್ಟ ಮೈ ಹೊರೂದ ಈ ಕಾಲಿಗೆ ಒಜ್ಜಿ ಆಗೇತಿ. ಇನ್ನ ಇಮ್ಮಡಿ ಆತಂದ್ರ ನಿನ್ನ ಅಂಗಳದಾಗ ಕುಂಬಳಬಳ್ಳಿ ಹಂಗ ಬಿದ್ದಿರಬೇಕು. ನಾ ಒಲ್ಲೆ. ಫೋಟೋಕ್ಕ ನಿಂದರತೀನಿ, ಊರಿನ ಮಾತ ಮೀರಂಗಿಲ್ಲ. ಮರುದಿನ ಈ ಬಾಗಲದಾಗ ಹಿಡಿಸಿದೆ ಅಂದ್ರ ಇರತೀನಿ. ಹಿಡಿಸಲಿಲ್ಲ ಅಂದ್ರ ಮುಂಜಾನೆ ಬಸ್ಸಿಗೆ ಅಳಿಯನ ಮನಿಗೆ ಹೊಕ್ಕೀನಿ."

"ಬಾಗಲ ಒಡಸ್ತೀನಿ ಬೇ!"

"ಮೊಣಕಾಲ ಏನ್ ಮಾಡ್ತಿ? ಅದನ್ನೂ ಒಡಸ್ತೀ?"

ಅಂದೇ ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟಳು. ನಾನು ದಿನಕ್ಕೆ ಹತ್ತು ಸಲ ಅದನ್ನು ಎಡವುತ್ತಿದ್ದೆ.

ನಾನು ದಸ್ತಗೀರನ ಬೆನ್ನು ಬಿದ್ದೆ. ಅವನು ನಕ್ಕು, ಮೂಲೆಯಲ್ಲಿ ಚಾದರ ಹೊದಿಸಿಟ್ಟಿದ್ದ ಒಂದು ವಸ್ತುವನ್ನು ತೋರಿಸಿದ. "ಯಕ್ಕಾ, ಹೊಸಾದು ತಂದೇನಿ. ಇದು ಊರನ್ನ ಒಂದ ತುತ್ತಿಗೆ ನುಂಗಂಗಿಲ್ಲ. ಕೀಲಿ ಕೊಟ್ಟು ಬಿಟ್ಟರ ತಾನ ಹೊರಳಕೋತ, ಒಬ್ಬೊಬ್ಬರನ್ನ ಎದುರಿಗೆ ಇಟ್ಕೊಂಡು ಸಾವಕಾಶ ತಿಂತೈತಿ. ಎಲ್ಲಾರೂ ಅದಕ್ಕ ನಡುವಿನವರ." ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಟ್ಟ. ಕ್ಯಾಮರಾ ಗುರ್ ಎನ್ನುತ್ತಾ ಸ್ಟ್ಯಾಂಡಿನ ಮೇಲೆ ಎಡದಿಂದ ಬಲಕ್ಕೆ ಕತ್ತು ಹೊರಳಿಸಿತು, ಹಿತ್ತಲಲ್ಲಿ ಯಾರು ಜಗಳವಾಡುತ್ತಿದ್ದಾರೆಂದು ಇಣುಕುವ ಅತ್ತೆಯ ಹಾಗೆ.

ಆದರೆ ಅದಕ್ಕೂ ಅದರದೇ ಚಾಳಿಗಳಿದ್ದವು. ದಸ್ತಗೀರ ಪರೀಕ್ಷೆಗೆಂದು ಬಸ್‌ಸ್ಟ್ಯಾಂಡಿನ ನೇರ ಗೋಡೆಯ ಫೋಟೋ ತೆಗೆದಿದ್ದ. ನಡುವಿನ ಭಾಗ ಹತ್ತಿರ, ತುದಿಗಳು ದೂರ. ಹಾಗಾಗಿ ಗೋಡೆಗೆ ಹೊಟ್ಟೆ ಬಂದು, ತುದಿಗಳೆರಡೂ ಇಲಿಬಾಲದಂತೆ ಸಣಕಲಾದವು. ಗೋಡೆ ಈಗಲೂ ಹಾಗೆಯೇ ಇದೆ, ಬಸುರಿ ಗೋಡೆ ಎನ್ನುತ್ತೇವೆ. ಇನ್ನೊಂದು ಚಾಳಿ ಎಂದರೆ ಹೊರಡುವಾಗಲೂ ನಿಲ್ಲುವಾಗಲೂ ಒಂದು ಜಗ್ಗು. ಪರೀಕ್ಷೆಯ ದಿನ ಗೋಡೆಯ ತುದಿಗೆ ನಿಂತಿದ್ದ ಆಡಿನ ಕತ್ತು ಆ ಜಗ್ಗಿಗೆ ಸಿಕ್ಕು ಮಾರುದ್ದವಾಗಿ, ಅದು ಈಗ ಮಾಳಿಗೆ ಮೇಲಿನ ಹಪ್ಪಳ ತಿನ್ನುತ್ತಿತ್ತು.

"ಗ್ವಾಡಿಗೆ ಆದದ್ದು ಮಂದಿಗೆ ಆಗಬಾರದಂದ್ರ ಸಾಲನ್ನ ಬಗ್ಗಿಸಬೇಕ್ರೀ," ಎಂದು ದಸ್ತಗೀರ ಚಾವಡಿಯಲ್ಲಿ ವಿವರಿಸಿದ. "ಕ್ಯಾಮರಾ ನಡುವ ಇರಲಿ. ಎಲ್ಲಾರೂ ಅದರ ಸುತ್ತ ಕುದುರಿ ಲಾಳದಂಗ ನಿಂದರ್ರಿ. ಆಗ ಎಲ್ಲಾರೂ ಅಷ್ಟ ದೂರ, ಎಲ್ಲಾರೂ ಅಷ್ಟ ಎತ್ತರ. ಬಾಗಿ ನಿಂತರ ಚಿತ್ರದಾಗ ನೆಟ್ಟಗ ಬರತೈತಿ."

"ನೆಟ್ಟಗ ಬರಾಕ ಬಾಗಬೇಕಂತ!" ಬಾಪುಗೌಡರು ಕೆರಳಿದರು. "ನಮ್ಮಪ್ಪ ನಿಂತದ್ದು ನೆಟ್ಟಗ, ನಮ್ಮಜ್ಜ ನಿಂತದ್ದು ನೆಟ್ಟಗ. ನಾ ಬಾಗಂಗಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಗೌಡತಿ ಚಂಪವ್ವ ಒಂದೇ ಮಾತು ಹೇಳಿದಳು. "ನೆಟ್ಟಗ ನಿಂತು, ನಟ್ಟನಡುವ ಕುಂತ್ರ, ಆ ಗ್ವಾಡಿ ಹೊಟ್ಟಿ ಯಾರಿಗೆ ಬರತೈತಿ? ಸ್ವಲ್ಪ ವಿಚಾರ ಮಾಡ್ರಿ. ಈಗ ಇರೂ ಹೊಟ್ಟಿಗೇ ಧೋತ್ರ ಸಾಲವಲ್ದು."

ಚಾವಡಿ ನಕ್ಕಿತು. ಲಾಳ ಖಾಯಂ ಆಯಿತು. ಆದರೆ ಲಾಳಕ್ಕೂ ಎರಡು ತುದಿ ಇರುತ್ತವಲ್ಲ. ಎಡಕ್ಕೆ ಹೂವಕ್ಕ, ಬಲಕ್ಕೆ ವಾಸಣ್ಣ. ಹಿಗ್ಗು ಹೋಗಿ ಜಗ್ಗು ಬಂದಿತ್ತು. "ಹೋದವರ್ಷ ಆಗಿದ್ರ ಅಡ್ಡ ಬೆಳೀತಿದ್ದೆ, ಈ ವರ್ಷ ಉದ್ದ," ಎಂದು ಹೂವಕ್ಕ ಆಡಿನ ಕತ್ತನ್ನೇ ನೋಡಿದಳು. "ಹಪ್ಪಳ ಮ್ಯಾಲೆ ಒಣಗಸ್ಬ್ಯಾಡ ಬೇ ಸಂಕೀ." ನಗುತ್ತಿದ್ದಳು, ಆದರೆ ಟ್ರಂಕಿನ ಬೀಗ ತೆಗೆಯಲಿಲ್ಲ.

ಫೋಟೋದ ದಿನ ಬಂತು. ಎಲ್ಲರೂ ಹೊಸ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಮಿಲ್ಲಿನ ಬಯಲಿನಲ್ಲಿ ಲಾಳದಂತೆ ನಿಂತರು. ಲಾಳದ ತೆರೆದ ಬಾಯಿ ಬಸ್ಸಿನ ರಸ್ತೆಯ ಕಡೆಗಿತ್ತು. ಕಟ್ಟಳೆಯ ಪ್ರಕಾರ ನನ್ನ ಜಾಗ ಗೌಡತಿಯ ಬಲಕ್ಕೆ, ಕೇಡಿಲ್ಲದ ಜಾಗ. ಅಲ್ಲಿಗೆ ಹೋಗಿ ನಿಂತೆ ಕೂಡ. ನಿಂತಲ್ಲಿಂದ ನೋಡಿದರೆ, ದೂರದ ತುದಿಯಲ್ಲಿ ಹೂವಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿ, ಸೆರಗಿನ ಚುಂಗು ಬಾಯಲ್ಲಿ ಕಚ್ಚಿಕೊಂಡು, ಸೂಜಿಮದ್ದಿಗೆ ನಿಂತ ಮಗುವಿನ ಹಾಗೆ ನಿಂತಿದ್ದಳು. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಸಾಲು ಬಿಟ್ಟು, ಬಯಲಿಗಡ್ಡ ನಡೆದು, ಅವಳ ಪಕ್ಕಕ್ಕೆ ಹೋಗಿ ಕೈ ಹಿಡಿದುಕೊಂಡೆ.

"ಏ ಸಂಕವ್ವಾ, ನಿನ್ನ ಜಾಗ ಅಲ್ಲೈತಿ!" ಗೌಡರು ಕೂಗಿದರು.

"ಜಗ್ಗಿದ್ರ ಇಬ್ಬರನ್ನೂ ಜಗ್ಗಲಿ ತಗೋರಿ!"

ಹೂವಕ್ಕ ಕಣ್ಣು ಬಿಡದೆಯೇ ಕೇಳಿದಳು, "ಯಾರ ಬೇ ಅದು?"

"ಜಡಿ ಗಂಟ ಹಾಕ್ಕೊಂಡಾಕಿ."

ದಸ್ತಗೀರ ಕೀಲಿ ಕೊಟ್ಟ. ಮೊದಲ ಸಲ ಇಡೀ ಊರನ್ನು ತಿನ್ನಿಸಬೇಕಲ್ಲ, ಕಡಿಮೆ ಬೀಳಬಾರದೆಂದು ಇನ್ನಷ್ಟು ಕೊಟ್ಟ, ಅದರ ಮೇಲೆ ಇನ್ನೂ ಎರಡು ಸುತ್ತು ಕೊಟ್ಟ. ಬಿಟ್ಟ. ಗುರ್ರ್! ಕ್ಯಾಮರಾ ನಮ್ಮತ್ತ ನೋಡಿ, ಬಲಕ್ಕೆ ಹೊರಳಿತು. ನಾನು ಹೂವಕ್ಕನ ಮುಖವನ್ನೇ ನೋಡುತ್ತಿದ್ದೆ. ಜಗ್ಗಿದಂತೆ ಏನೂ ಅನಿಸಲಿಲ್ಲ, ಆದರೆ ಜಗ್ಗು ಗೊತ್ತಾಗುವುದು ಫೋಟೋ ಒಣಗಿದ ಮೇಲೆ.

ಆಗ ಬಲತುದಿಯ ವಾಸಣ್ಣನಿಗೆ ಹೊಳೆಯಿತು. ಕ್ಯಾಮರಾದ ಕಣ್ಣು ಎಡತುದಿಯನ್ನು ದಾಟಿ ಹೋಯಿತು. ಅಂದರೆ ಅಲ್ಲಿ ಇನ್ನು ಭಯವಿಲ್ಲ. ಭಯ ಇರುವುದು ಕಣ್ಣು ಬಂದು ನಿಲ್ಲುವ ಕಡೆ, ತಾನು ನಿಂತ ಕಡೆ! ಅವನು ಧೋತರ ಎತ್ತಿ ಕಟ್ಟಿ, ದಸ್ತಗೀರನ ಬೆನ್ನ ಹಿಂದಿನಿಂದ ಓಡಿ ಬಂದು ನಮ್ಮ ಪಕ್ಕ ಎದೆಯುಬ್ಬಿಸಿ ನಿಂತ. ವಾಸಣ್ಣ ಹೋದ ಕೂಡಲೇ ಅವನ ಪಕ್ಕದ ಕಿರಾಣಿ ಅಂಗಡಿಯವನೇ ತುದಿಯಾದ. ಅವನು ಸುಮ್ಮನಿರುತ್ತಾನೆಯೇ? ಅವನೂ ಓಡಿ ಬಂದ. ಈಗ ಅವನ ಹೆಂಡತಿ ತುದಿ. "ನನ್ನ ಬಿಟ್ಟ ಓಡ್ತೀರೇನ್ರೀ!" ಎಂದು ಅವಳೂ ಬಂದಳು. ಅವಳ ಹಿಂದೆ ಅವಳ ಓಣಿ. ಒಬ್ಬರ ಹಿಂದೆ ಒಬ್ಬರು, ಸೆರಗು ಸಿಕ್ಕಿಸಿ, ರುಮಾಲು ಹಿಡಿದು, ಚಪ್ಪಲಿ ಬಿಟ್ಟು, ಬಲಗಡೆಯ ಊರು ಎಡಗಡೆಗೆ ಹರಿದು ಬರತೊಡಗಿತು. ದಸ್ತಗೀರ ಕಟ್ಟಿದ್ದ ಲಾಳ ತನ್ನ ಬಾಲವನ್ನು ತಾನೇ ಹಿಡಿಯಲು ಹೊರಟ ನಾಯಿಯಂತೆ ಸುತ್ತಿಕೊಂಡು, ನೋಡನೋಡುತ್ತಲೇ ದುಂಡಗಾಯಿತು. ಕೊನೆಗೆ ಎಲ್ಲಿ ನೋಡಿದರೂ ತುದಿಯೇ ಇಲ್ಲ. ಓಡುವವರಿಗೆ ಇನ್ನು ಎಲ್ಲಿಗೆ ಓಡಬೇಕೆಂದು ತಿಳಿಯದೆ, ಸಿಕ್ಕಲ್ಲಿ ಪಕ್ಕದವರ ಭುಜ ಹಿಡಿದು ನಿಂತರು.

ಹೆಚ್ಚಿಗೆ ಕೀಲಿ ಉಂಡ ಕ್ಯಾಮರಾವೂ ನಿಲ್ಲಲಿಲ್ಲ. ಗೋಡೆ ದಾಟಿತು, ರಸ್ತೆಯ ಕಡೆಗೆ ಹೊರಳಿತು. ಅದರ ಹಿಂದೆಯೇ ಇರಬೇಕಾದ ದಸ್ತಗೀರ ಅದರ ಕಣ್ಣಿಗೆ ಬೀಳದಂತೆ ಬಗ್ಗಿ ಸುತ್ತ ಓಡುತ್ತಿದ್ದ. "ನಿಂದ್ರ! ನಿಂದ್ರ!" ಎನ್ನುತ್ತಿದ್ದ. ನಮಗೋ ಅದಕ್ಕೋ ಗೊತ್ತಾಗಲಿಲ್ಲ. "ಸಾಲು! ಸಾಲು!" ಎಂದು ಗೌಡರು ಕುರ್ಚಿಯಿಂದ ಎದ್ದು ಕುಣಿಯುತ್ತಿದ್ದರು. ಕುರ್ಚಿ ಮಗುಚಿತ್ತು. ಚಂಪವ್ವ ಅವರ ಅಂಗಿ ಹಿಡಿದೆಳೆದು ತನ್ನ ಪಕ್ಕ ನಿಲ್ಲಿಸಿಕೊಂಡಳು.

ಹೂವಕ್ಕ ಒಂದು ಕಣ್ಣು ಬಿಟ್ಟಳು. ಆಮೇಲೆ ಇನ್ನೊಂದನ್ನೂ ಬಿಟ್ಟಳು. "ಏನ ಬೇ ಇದು, ಮಂದಿ ಕೈ ಹಿಡ್ಕೊಂಡ ಫುಗಡಿ ತಿರಗಾಕ ಹತ್ಯಾರ!" ಎಂದು ನಗಲು ಶುರುವಿಟ್ಟಳು. ಅವಳ ನಗೆ ಹೇಗೆಂದರೆ, ಮೊದಲು ಹೊಟ್ಟೆ, ಆಮೇಲೆ ಭುಜ, ಕಟ್ಟಕಡೆಗೆ ಸದ್ದು. ಸರಿಯಾಗಿ ಆ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಪೋಂ ಎಂದು ಬಂತು. ನಾನು ಅತ್ತ ತಿರುಗಿದೆ. ಕಿಟಕಿಯಲ್ಲಿ ಕೂತ ಮುಖಗಳು, ಹಿಂದೆ ಏಳುತ್ತಿದ್ದ ಧೂಳು, ಧೂಳಿನಾಚೆ ಎಲ್ಲಿಗೋ ಹೋಗುವ ದಾರಿ. ಆಗಲೇ ಕ್ಯಾಮರಾ ಒಂದು ಪೂರ್ತಿ ಸುತ್ತು ಮುಗಿಸಿ ನಮ್ಮಿಬ್ಬರ ಮುಂದೆ ಮತ್ತೆ ಬಂದು, ಟಕ್ ಎಂದು ನಿಂತಿತು.

ಸಂಜೆ ದಸ್ತಗೀರ ಆ ಉದ್ದ ಕಾಗದವನ್ನು ತೊಳೆದು, ಚಾವಡಿಯಲ್ಲಿ ಹಗ್ಗ ಕಟ್ಟಿ, ಸೀರೆ ಒಣಹಾಕಿದಂತೆ ಹಾಕಿದ. ಊರಿಗೆ ಊರೇ ಕತ್ತು ಚಾಚಿತು. ಎಂಥ ಚಿತ್ರ ಅಂತೀರಿ! ಯಾರೂ ಹಿಗ್ಗಿಲ್ಲ, ಯಾರೂ ಕುಗ್ಗಿಲ್ಲ. ಬಾಪುಗೌಡರು ಅವರಿದ್ದಷ್ಟೇ ಇದ್ದರು, ಅಂದರೆ ಚಂಪವ್ವನ ಕಿವಿಯೆತ್ತರ. ಅಷ್ಟು ವರ್ಷ ಸಂಸಾರ ಮಾಡಿದ ಅವಳಿಗೂ ಅದು ಗೊತ್ತಿರಲಿಲ್ಲವಂತೆ. "ಛಲೋ ಆತು, ಇನ್ನ ಮ್ಯಾಲೆ ಮಾರಿ ನೋಡಿ ಮಾತಾಡಬಹುದು," ಎಂದಳು. ಮೊದಲಿನ ಜಗ್ಗು ಸಹ, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದಿದ್ದ ನಮ್ಮಿಬ್ಬರಲ್ಲಿ ಹಂಚಿಹೋಗಿ, ಕಿವಿಯೋಲೆ ಮಾತ್ರ ಚೂರು ಉದ್ದವಾಗಿತ್ತು.

ನಾನು ಕಾಗದದ ಎಡತುದಿ ನೋಡುತ್ತಿದ್ದೆ. ಅಲ್ಲಿ ಹೂವಕ್ಕ ಕಣ್ಣು ಮುಚ್ಚಿ ನಿಂತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಆಗ ಬಲತುದಿಯಿಂದ ದಸ್ತಗೀರ ಕೂಗಿದ. "ಯಕ್ಕಾ! ಈ ಕಡೇನೂ ನೀವ ಅದೀರಲ್ಲ!"

ಹೋಗಿ ನೋಡಿದರೆ ಹೌದು. ಅಲ್ಲಿ ಹೂವಕ್ಕ ಬಾಯ್ತುಂಬ ನಗುತ್ತಿದ್ದಳು, ನಾನು ಬಸ್ಸಿನ ಕಡೆ ನೋಡುತ್ತಿದ್ದೆ. ನಿಲ್ಲುವಾಗಿನ ಜಗ್ಗೂ ಇಬ್ಬರ ಕಿವಿಯೋಲೆಗೇ ಮುಗಿದಿತ್ತು. ಕಾಗದದ ಕೊನೆಯ ಹನಿ ತೊಟ್ಟಿಕ್ಕಿತು. ನನ್ನ ಬೆನ್ನ ಹಿಂದೆ ಯಾರೋ ಗಂಟಲು ಸರಿಪಡಿಸಿಕೊಂಡರು. ತಿರುಗಿದೆ. ನನ್ನದೇ ಸೀರೆ, ನನ್ನದೇ ಬೊಚ್ಚು ಬಾಯಿ. ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡೆವು.

"ರವಿಕಿ ತೋಳ ಸ್ವಲ್ಪ ಬಿಗಿ ಆಗೇತಿ," ಎಂದಳು ಅವಳು.

"ಹೌದು, ನನಗೂ ಅನಸಿತ್ತು," ಎಂದೆ ನಾನು.

ಆ ಸಂಜೆ ನಮ್ಮ ಮನೆಯಲ್ಲಿ ನಾಲ್ಕು ಮುದುಕಿಯರು ಒಂದೇ ಪರಾತದ ಸುತ್ತ ಕೂತು ಉಂಡೆವು. ನಗು ತಡೆಯಲಾಗದೆ ಯಾರ ಗಂಟಲಿಗೂ ತುತ್ತು ನೆಟ್ಟಗೆ ಇಳಿಯಲಿಲ್ಲ. ಹೂವಕ್ಕಂದಿರು ಒಬ್ಬರಾದ ಮೇಲೊಬ್ಬರು ಕೋಣೆಯ ಬಾಗಿಲಿನಿಂದ ಒಳಹೊಕ್ಕು ಹೊರಬಂದು ತೋರಿಸಿದರು. ಸರಾಗ. ಆದರೂ ನಾನು ಎದ್ದು ಹೋಗಿ ಕೋಣೆಯ ನೆಲಕ್ಕೆ ಗೇಣು ಹಾಕಿ ನೋಡಿದೆ. ಒಬ್ಬಳಿದ್ದಾಗಲೇ ಇಕ್ಕಟ್ಟು ಎನ್ನುವಂಥ ಕೋಣೆ. ಇಬ್ಬರಿಗೆ ಹಿಡಿಸೀತೆ? ಟ್ರಂಕು ಬಾಗಿಲ ಬಳಿ ಹಾಗೆಯೇ ಇತ್ತು.

ಮುಂಜಾನೆ ಬಸ್ಸು ಬಂತು. ಒಬ್ಬಳಾದರೂ ಹೋಗಲೇಬೇಕೆಂದು ಇಬ್ಬರು ಹೂವಕ್ಕಂದಿರೂ ಟ್ರಂಕಿನ ಒಂದೊಂದು ಕಿವಿ ಹಿಡಿದು ರಸ್ತೆಗೆ ತಂದಿಟ್ಟರು. ಹಿಂದೆ ನಾವಿಬ್ಬರು. ಕಂಡಕ್ಟರ್ ಕಣ್ಣುಜ್ಜಿಕೊಂಡ. ನಮ್ಮೂರಿನ ದಾರಿಗೆ ಹಳಬನಾದ್ದರಿಂದ ಹೆಚ್ಚು ಕೇಳಲಿಲ್ಲ. "ಯಾರ ಹತ್ತೂರು? ಲಗೂನ ಹತ್ತ್ರಿ," ಎಂದ.

"ನೀ ಹೋಗ ಬೇ," ಎಂದಳು ಕಣ್ಣು ಮುಚ್ಚಿದ್ದ ಹೂವಕ್ಕ.

"ನಾ ಯಾಕ ಹೋಗಲಿ? ನೀ ಹೋಗು. ನಿನಗ ಕೋಣಿ ಇಕ್ಕಟ್ಟಾಕ್ಕೈತಿ," ಎಂದಳು ನಗುತ್ತಿದ್ದ ಹೂವಕ್ಕ.

"ನನಗ ಇಕ್ಕಟ್ಟಂದ್ರ ನಿದ್ದಿ ಬರತೈತಿ. ನಾ ಒಲ್ಲೆ."

"ಹಂಗಂದ್ರ ನಾನೂ ಒಲ್ಲೆ."

ಇಬ್ಬರಲ್ಲಿ ಒಬ್ಬಳೂ ಹೋಗಲೊಲ್ಲಳು! ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ನನ್ನದೇ ದನಿ ಕೇಳಿತು.

"ನಾ ಹೊಕ್ಕೀನಿ."

ನಾನು ಬಾಯಿ ತೆರೆದಿರಲಿಲ್ಲ. ಮಾತಾಡಿದ್ದು ಅವಳು, ಬಸ್ಸಿನ ಕಡೆ ನೋಡುತ್ತಾ ಮೂಡಿದ ಸಂಕವ್ವ. ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು ಬೇರೆ. ನಾಚಿಕೆಗೆಟ್ಟವಳು, ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ.

"ಏ ಹುಚ್ಚೀ, ನೀ ಒಬ್ಬಾಕಿನ ಎಲ್ಲಿ ಹೊಕ್ಕಿ?" ನಗುವ ಹೂವಕ್ಕ ಕೂಗಿದಳು. "ಟೇಷನ್ ಅಂದ್ರೇನ, ಫ್ಲ್ಯಾಟ್‌ಫಾರ್ಮ್ ಅಂದ್ರೇನ ಗೊತ್ತೈತೇನ ನಿನಗ? ತಡಿ ಬರತೀನಿ." ಮೊಣಕಾಲು ಹಿಡಿದುಕೊಂಡು, ಬೈಯುತ್ತಾ, ನಗುತ್ತಾ ಅವಳೂ ಹತ್ತಿದಳು. ಟ್ರಂಕನ್ನು ಮೇಲೆ ಕೊಟ್ಟೆವು. ಕಿಟಕಿಯಿಂದ ನಾನು ನನಗೆ ಕೈ ಬೀಸಿದೆ. ಬಸುರಿ ಗೋಡೆಯ ಹೊಟ್ಟೆ ಬಳಸಿಕೊಂಡು ಬಸ್ಸು ಮರೆಯಾಯಿತು.

ಉಳಿದ ನಾವಿಬ್ಬರು ಹಪ್ಪಳವನ್ನು ಆಡಿಗೆ ಎಟುಕದಂತೆ ಒಳಗೆ ಒಣಗಿಸುತ್ತಾ ಇದ್ದೇವೆ. ಗೋಡೆಯಾಚೆ ಗೊರಕೆ ಸುಖವಾಗಿದೆ. ಮೊನ್ನೆ ಒಂದು ಕಾರ್ಡು ಬಂತು. ಅಕ್ಷರ ನನ್ನದೇ. ನಾನು ಕಲಿತ ರಾತ್ರಿ ಶಾಲೆಯ ಮಾಸ್ತರರು ಎಷ್ಟು ತಿದ್ದಿದರೂ ಸಾಲು ಮೇಲಕ್ಕೆ ಏರುತ್ತಲೇ ಹೋಗುತ್ತದೆ. ಹೂವಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ:

"ಸಮುದ್ರ ನೋಡಿದ್ವಿ. ಅದಕ್ಕ ತುದೀನ ಇಲ್ಲ. ಇಲ್ಲಿ ಮಂದಿ ವರ್ಷಾ ವರ್ಷಾ ಒಂದ ನಮೂನಿ ಇರತಾರ, ಪಾಪ. ಫೋಟೋಕ್ಕ ಬರತೇವಿ. ನೀವು ತುದಿಯಾಗ ಜಾಗ ಹಿಡದಿಡ್ರಿ. ದಸ್ತಗೀರಗ ಹೇಳ್ರಿ, ಕೀಲಿ ಕಡಿಮಿ ಮಾಡಬ್ಯಾಡ."